ಬಸುರಿ ಬಯಕೆಗೆ ಬೆಲ್ಲದ ತಾಕೋಯಾಕಿ

ವಿಜಯನಗರದ ಮೀನಂಗಡಿ ಮುಂದೆ ನಿಂತು ‘ಅಣ್ಣ, ಆಕ್ಟೋಪಸ್ ಇದೆಯಾ?’ ಎಂದು ಕೇಳಿದ ಮೊದಲ ಹೆಂಗಸು ಬಹುಶಃ ನಾನೇ ಇರಬೇಕು.

ಅಂಗಡಿಯವನು ಬಂಗುಡೆ ಕ್ಲೀನ್ ಮಾಡುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಸೊಪ್ಪಿನ ಬ್ಯಾಗು, ಕಾಲಲ್ಲಿ ವಾಕಿಂಗ್ ಶೂ. ‘ಆಕ್ಟೋಪಸ್ ಎಲ್ಲ ಬರಲ್ಲ ಆಂಟಿ. ಬೊಂಡಾಸ್ ಇದೆ, ಸ್ಕ್ವಿಡ್ಡು. ಅದೂ ಹೆಚ್ಚುಕಮ್ಮಿ ಅದರ ಕಸಿನ್ನೇ. ಕೊಡ್ಲಾ?’ ಎಂದ. ಟ್ರೇಯಲ್ಲಿ ಬೆಳ್ಳಗೆ, ಮೆತ್ತಗೆ ಮಲಗಿದ್ದ ಬೊಂಡಾಸನ್ನು ನಾನು ನೋಡಿದೆ. ಅದೂ ನನ್ನನ್ನು ನೋಡಿತು. ಆಮೇಲೆ ಸೀದಾ ಆಟೋ ಹತ್ತಿದೆ.

(ನಮ್ಮದು ಭಾನುವಾರ ಮಟನ್ ಸಾರು ಕುದಿಯುವ ಮನೆಯೇ. ಕಾಲು ಸೂಪನ್ನೂ ಮಾಡುತ್ತೇವೆ. ಆದರೆ ಕಾಲಿಗೂ ಒಂದು ಲಿಮಿಟ್ ಬೇಡವೇ? ಎಂಟು ಅಂದರೆ ಸ್ವಲ್ಪ ಜಾಸ್ತಿಯೇ ಆಯಿತು.)

ಇಷ್ಟೆಲ್ಲ ಯಾಕೆ ಅಂತೀರಾ? ನಮ್ಮ ಸೊಸೆ ಚೈತ್ರ ಬಸುರಿ.

ಸಂತೋಷದ ವಿಷಯವೇ. ಆದರೆ ನಾಲ್ಕು ತಿಂಗಳು ತುಂಬಿದರೂ ಅವಳ ವಾಂತಿ ನಿಂತಿರಲಿಲ್ಲ. ನಮ್ಮನೇಲಿ ಒಗ್ಗರಣೆ ಚಟಪಟ ಅಂದರೆ ಸಾಕು, ಬಾತ್‌ರೂಮಿನ ಬಾಗಿಲು ಧಡಾರ್. ಈರುಳ್ಳಿ ಹೆಚ್ಚುವ ಹಾಗಿಲ್ಲ, ಬೆಳ್ಳುಳ್ಳಿ ಬಿಡಿಸುವ ಹಾಗಿಲ್ಲ. ಸಿಹಿ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಅದೂ ಒಂದು ಬಾಳೆಹಣ್ಣು, ಒಂದು ಚೂರು ಬೆಲ್ಲ, ಅಷ್ಟೇ. ಡಾಕ್ಟರಮ್ಮ ಪ್ರತಿ ಸಲ ತೂಕ ನೋಡಿ ತುಟಿ ಬಿಗಿ ಹಿಡಿಯುತ್ತಿದ್ದರು. ‘ಶುಗರ್ ಏನೂ ಇಲ್ಲ, ಬಿಪಿ ಏನೂ ಇಲ್ಲ. ತಿನ್ಬೇಕು, ಅಷ್ಟೇ. ಏನಾದ್ರೂ ಸರಿ, ತಿನ್ಬೇಕು’ ಎನ್ನುತ್ತಿದ್ದರು. ತಿನ್ನಬೇಕು ಅನ್ನುವುದು ನಮಗೂ ಗೊತ್ತು. ತಿನ್ನಿಸುವುದು ಹೇಗೆ?

ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಕೆನ್ನೆ ತುಂಬಿಕೊಂಡು ಮದುವೆಯಾಗಿ ಬಂದ ಹುಡುಗಿ. ಈಗ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಅವಳನ್ನು ನಾವು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೆವು, ಅದರಲ್ಲಿ ಡೌಟೇ ಬೇಡ. ಮೊದಲು ಭಾನುವಾರದ ದೋಸೆ ಡಿಪಾರ್ಟ್‌ಮೆಂಟ್ ಪೂರ್ತಿ ಅವಳದ್ದೇ ಆಗಿತ್ತು. ಬಸುರಿ ಅಂತ ಗೊತ್ತಾದ ದಿನವೇ ಅವಳ ಕೈಯಿಂದ ಸೌಟು ಕಿತ್ತುಕೊಂಡೆ. ಒಲೆ ಹತ್ತಿರ ಬರಬೇಡ, ಬಿಸಿ. ಬಗ್ಗಬೇಡ. ಎತ್ತಬೇಡ. ನಿಲ್ಲಬೇಡ. ಕೂತ್ಕೋ. ಆಫೀಸಿನವರೂ ಮನೆಯಿಂದಲೇ ಕೆಲಸ ಮಾಡು ಅಂದರು. ಹೀಗಾಗಿ ಬಸವೇಶ್ವರನಗರದ ನಮ್ಮ ಹಾಲಿನ ಸೋಫಾದ ಒಂದು ಮೂಲೆ, ಒಂದು ಲ್ಯಾಪ್‌ಟಾಪು, ಎರಡು ದಿಂಬು, ನಡುವೆ ಚೈತ್ರ.

ಕೆಲಸ ಮುಗಿದ ಮೇಲೆ ಅವಳು ಮೊಬೈಲ್ ಹಿಡಿಯುತ್ತಿದ್ದಳು. ಅದರಲ್ಲಿ ಒಂದೇ ವಿಡಿಯೋ, ಮತ್ತೆ ಮತ್ತೆ. ಜಪಾನಿನ ಯಾವುದೋ ಬೀದಿ. ನಮ್ಮ ಪಡ್ಡಿನ ಹಂಚಿನಂಥದ್ದೇ ಗುಳಿ ಗುಳಿಯ ದೊಡ್ಡ ಹಂಚು. ಒಬ್ಬಾತ ಅದರ ಮೇಲೆ ಹಿಟ್ಟು ಸುರಿಯುತ್ತಾನೆ, ಒಳಗೆ ಆಕ್ಟೋಪಸ್ ಚೂರು ಹಾಕುತ್ತಾನೆ, ಚೂಪು ಕಡ್ಡಿಯಲ್ಲಿ ಟಕಟಕ ತಿರುಗಿಸುತ್ತಾನೆ. ಗುಂಡು ಗುಂಡಾಗಿ ಏಳುತ್ತವೆ. ಮೇಲೆ ಕಪ್ಪು ಸಾಸು, ಬಿಳಿ ಸಾಸು, ಒಣಗಿದ ಮೀನಿನ ತೆಳ್ಳನೆ ಚಕ್ಕೆ. ಹೆಸರು ತಾಕೋಯಾಕಿ. ಅದನ್ನು ನೋಡುವಾಗ ಮಾತ್ರ ಹುಡುಗಿಯ ಮುಖ ಸ್ವಲ್ಪ ಅರಳುತ್ತಿತ್ತು.

ಈ ವಿಷಯ ಫೋನಿನಲ್ಲಿ ನಮ್ಮ ಬೀಗಿತ್ತಿಗೆ ಹೇಳಿದೆ. ಬೀಗಿತ್ತಿ ಎಂದರೆ ಚೈತ್ರಳ ಅಮ್ಮ ಶಾಂತಮ್ಮ. ಬ್ಯಾಡರಹಳ್ಳಿಯ ಹಳೇ ಮನೆತನ. ಹೊಲವೆಲ್ಲ ಸೈಟಾದರೂ ಮನೆ ಹಿಂದೆ ಇನ್ನೂ ಎರಡು ಹಸು ಕಟ್ಟಿದ್ದಾರೆ. ಆ ಕಡೆಯಿಂದ ಕೂಡಲೇ ತೀರ್ಪು ಬಂತು.

‘ಬೀಗ್ರೇ, ಅದು ಬಯಕೆ.’

‘ಆಕ್ಟೋಪಸ್‌ದಾ?’

‘ಯಾವುದಾದ್ರೇನು? ಬಸುರಿ ಬಯಕೆ ತೀರಿಸ್ದೇ ಇದ್ರೆ ಹುಟ್ಟೋ ಮಗೀಗೆ ಕಿವಿ ಸೋರುತ್ತೆ. ನಿಮಗೆ ಗೊತ್ತಿಲ್ವಾ?’

ಗೊತ್ತು. ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದರು. ನಾನು ಬಿಎಸ್ಸಿ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಕಿವಿ ನಮ್ಮ ಮೊಮ್ಮಗುವಿನದು. ಸುಮ್ಮನೆ ರಿಸ್ಕ್ ಯಾಕೆ ಹೇಳಿ?

ಮಗ ಸುಲಭದ ದಾರಿ ಹೇಳಿದ. ‘ಅಮ್ಮ, ಇಂದಿರಾನಗರದಲ್ಲಿ ಸಿಗುತ್ತೆ, ಆರ್ಡರ್ ಮಾಡೋಣ.’ ಆ ಡಬ್ಬಿ ಊರಿಡೀ ಸುತ್ತಿ, ಟ್ರಾಫಿಕ್ಕಿನಲ್ಲಿ ಬೆಂದು, ನಮ್ಮನೆ ಬಾಗಿಲಿಗೆ ಬಂದು ಬಾಯಿ ತೆರೆದರೆ? ‘ಮೀನಿನ ವಾಸನೆಗೆ ನಿನ್ನ ಹೆಂಡ್ತಿ ಮನೆ ಬಿಟ್ಟು ಓಡ್ತಾಳೆ ಕಣೋ’ ಎಂದೆ. ಹೊರಗಿನದು ಬೇಡ, ಮನೆಯಲ್ಲೇ ಮಾಡೋಣ ಅನ್ನುವ ಹುರುಪಿನಲ್ಲೇ ನಾನು ಆ ಮೀನಂಗಡಿಗೆ ಹೋಗಿದ್ದು. ಹೋಗಿ ಬಂದದ್ದು ನಿಮಗೆ ಆಗಲೇ ಹೇಳಿದೆನಲ್ಲ.

ವಾಪಸ್ ಬರುವಾಗ ಆಟೋದಲ್ಲೇ ಐಡಿಯಾ ಹೊಳೆಯಿತು. ಇವಳಿಗೆ ನಿಲ್ಲುವುದು ಸಿಹಿ. ಇವಳು ಕೇಳುತ್ತಿರುವುದು ತಾಕೋಯಾಕಿ. ಹಾಗಾದರೆ ಸಿಹಿ ತಾಕೋಯಾಕಿ ಯಾಕಾಗಬಾರದು? ಗೋಧಿ ಹಿಟ್ಟು, ಬೆಲ್ಲ, ಹಿಸುಕಿದ ಬಾಳೆಹಣ್ಣು, ಏಲಕ್ಕಿ. ಆಕ್ಟೋಪಸ್ ಜಾಗಕ್ಕೆ ಖರ್ಜೂರ (ಜಗಿಯುವುದಕ್ಕೆ ಗಟ್ಟಿಯಾಗಿ ಏನಾದರೂ ಇರಬೇಕಲ್ಲ). ಕಪ್ಪು ಸಾಸಿಗೆ ಜೋನಿಬೆಲ್ಲ. ಬಿಳಿ ಸಾಸಿಗೆ ಗಟ್ಟಿ ಕಾಯಿಹಾಲು. ಮೀನಿನ ಚಕ್ಕೆಗೆ ತೆಳ್ಳಗೆ ಹೆರೆದ ಕೊಬ್ಬರಿ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಆಟೋದವನಿಗೂ ಹೇಳಿದೆ. ‘ಸೂಪರ್ ಮೇಡಂ, ಮೀಟರ್ ಮೇಲೆ ಇಪ್ಪತ್ತು ಕೊಟ್ಬಿಡಿ’ ಎಂದ.

ಮೊದಲ ಪ್ರಯತ್ನ ನಮ್ಮನೆಯ ಕಬ್ಬಿಣದ ಪಡ್ಡಿನ ಹಂಚಿನಲ್ಲಿ. ಅಲ್ಲೇ ನಾನು ಎಡವಿದ್ದು. ವರ್ಷಾನುಗಟ್ಟಲೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಕುಡಿದು ಬೆಳೆದ ಹಂಚು ಅದು. ಬೆಲ್ಲದ ಹಿಟ್ಟು ಬಿದ್ದ ಕೂಡಲೇ ಅಷ್ಟನ್ನೂ ವಾಪಸ್ ಕಕ್ಕಿತು. ಈರುಳ್ಳಿ ವಾಸನೆಯ ಬಾಳೆಹಣ್ಣಿನ ಉಂಡೆ ಹೇಗಿರುತ್ತದೆ ಗೊತ್ತಾ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೇಲಾಗಿ ಬೆಲ್ಲ ಹಂಚಿಗೆ ಕಚ್ಚಿಕೊಂಡು ಏಳಲೇ ಇಲ್ಲ. ಬಾತ್‌ರೂಮಿನ ಬಾಗಿಲು ಧಡಾರ್ ಎಂದಿತು. ಕೆರೆದು ತೆಗೆದ ಕರಿ ಚೂರುಗಳನ್ನು ನಮ್ಮ ಯಜಮಾನರು ಪೇಪರ್ ಓದುತ್ತಲೇ ಪೂರ್ತಿ ತಿಂದರು. ‘ಏನೋ ಹೊಸ ಥರದ ಬೋಂಡಾನಾ?’ ಎಂದು ಕೇಳಿದರು. ಆ ಮನುಷ್ಯನ ಬಗ್ಗೆ ಬೇರೆಯೇ ಅಂಕಣ ಬರೆಯಬೇಕು.

ಸೋಲಿನ ಸುದ್ದಿ ಬ್ಯಾಡರಹಳ್ಳಿ ಮುಟ್ಟಿತು. ಮರುದಿನ ಬೆಳಿಗ್ಗೆಯೇ ಶಾಂತಮ್ಮ ಆಟೋದಿಂದ ಇಳಿದರು. ಒಂದು ಕೈಯಲ್ಲಿ ಹೊಸ ನಾನ್‌ಸ್ಟಿಕ್ ಪಡ್ಡಿನ ತವಾ, ಇನ್ನೊಂದು ಕೈಯಲ್ಲಿ ಮನೆ ಹಸುವಿನ ತುಪ್ಪ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಬಂದರು.

‘ನೀ ಕೂತ್ಕೋ ಚಿನ್ನ’ ಅಂತ ಮಗಳಿಗೆ ಹೇಳಿದರು. ಕೂತೇ ಇದ್ದವಳು ಇನ್ನೆಲ್ಲಿ ಕೂರಬೇಕು?

ಅಡುಗೆಮನೆಯಲ್ಲಿ ನಾವಿಬ್ಬರು. ಇಬ್ಬರೂ ದಪ್ಪ, ಇಬ್ಬರಿಗೂ ಗೊತ್ತಿಲ್ಲದ ಅಡುಗೆಯೇ ಇಲ್ಲ. ಹಿಟ್ಟು ಗಟ್ಟಿ ಇರಬೇಕು ಅಂತ ಅವರು, ಇನ್ನೂ ಗಟ್ಟಿ ಇರಬೇಕು ಅಂತ ನಾನು. ಸೋಡ ಹಾಕಿ ಅಂತ ನಾನು, ಬಸುರಿಗೆ ಸೋಡ ಯಾಕೆ ಅಂತ ಅವರು. ಕೊನೆಗೆ ಪಡ್ಡು ಹೇಗೆ ಮಾಡುತ್ತೇವೋ ಹಾಗೇ ಮಾಡಿದೆವು. ಗುಳಿಗೆ ಮುಕ್ಕಾಲು ಹಿಟ್ಟು, ನಡುವೆ ಖರ್ಜೂರ, ಸುತ್ತ ತುಪ್ಪ, ಮೇಲೊಂದು ಮುಚ್ಚಳ. ಒಂದು ಸಲ ಮಗುಚಿದರೆ ಮುಗಿಯಿತು. ಈ ಸಲ ಈರುಳ್ಳಿ ಕಾಟವಿಲ್ಲ, ಮನೆಯಿಡೀ ಏಲಕ್ಕಿ ಘಮ. ಗುಂಡಗೆ ಮಾತ್ರ ಆಗಲಿಲ್ಲ. ಕೆಳಗೆ ಉಬ್ಬು, ಮೇಲೆ ಚಪ್ಪಟೆ. ಪರವಾಗಿಲ್ಲ ಅಂದುಕೊಂಡು ಜೋನಿಬೆಲ್ಲ ಸುರಿದು ಮುಚ್ಚಿಬಿಟ್ಟೆವು.

ತಟ್ಟೆ ಸೋಫಾದ ಹತ್ತಿರ ಹೋಯಿತು. ಹಿಂದೆ ನಾವಿಬ್ಬರೂ ಹೋದೆವು. ಚೈತ್ರ ಒಂದನ್ನು ತೆಗೆದುಕೊಂಡು ತುದಿ ಕಚ್ಚಿದಳು. ‘ಚೆನ್ನಾಗಿದೆ ಅತ್ತೆ’ ಎಂದಳು. ಮಿಕ್ಕಿದ್ದನ್ನು ತಟ್ಟೆಯ ಅಂಚಿಗೆ ಮೆತ್ತಗೆ ಇಟ್ಟಳು. ಸೊಸೆಯಂದಿರ ಆ ‘ಚೆನ್ನಾಗಿದೆ’ ನನಗೆ ಗೊತ್ತಿಲ್ಲವೇ? ನಾನೂ ಒಂದು ಕಾಲದಲ್ಲಿ ಸೊಸೆಯೇ.

ಶಾಂತಮ್ಮನ ಮುಖ ಸಣ್ಣದಾಯಿತು. ‘ಯಾಕೆ ಚಿನ್ನ, ಬಯಕೆ ತೀರ್ಲಿಲ್ವಾ? ಆ ಎಂಟು ಕಾಲಿಂದೇ ಬೇಕಾ? ಹೇಳು, ಎಲ್ಲಿಂದಾದ್ರೂ ತರ್ಸೋಣ.’

ಚೈತ್ರ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ‘ನಂಗೆ ಇದನ್ನ ತಿನ್ನೋ ಆಸೆ ಅಂತ ಯಾರಮ್ಮ ಹೇಳಿದ್ದು?’

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಹೌದಲ್ಲ, ಯಾರು ಹೇಳಿದ್ದು? ನಾನು ಬೀಗಿತ್ತಿಗೆ ಹೇಳಿದೆ. ಬೀಗಿತ್ತಿ ನನಗೆ ಹೇಳಿದರು. ಮಗನಿಗೆ ಗೊತ್ತು, ಮೀನಂಗಡಿಯವನಿಗೆ ಗೊತ್ತು, ಆಟೋದವನಿಗೂ ಗೊತ್ತು. ಇವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

‘ಮತ್ತೆ ದಿನಾ ಅದನ್ನೇ ನೋಡ್ತಿದ್ದೆಯಲ್ಲೇ?’ ಎಂದೆ.

‘ಅವ್ರ ಕೈ ನೋಡ್ತಿದ್ದೆ ಅತ್ತೆ. ಎಷ್ಟು ಚೆನ್ನಾಗಿ ತಿರುಗಿಸ್ತಾರೆ. ನಂಗೂ ಒಂದ್ಸಲ ಹಾಗೆ ತಿರುಗಿಸ್ಬೇಕು ಅನ್ಸೋದು. ತಿನ್ನೋದಲ್ಲ, ಮಾಡೋದು.’ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು, ‘ಎದ್ದು ಒಂದು ಲೋಟ ನೀರು ತಗೊಂಡ್ರೂ ಇಬ್ರೂ ಬೈತೀರ. ಕೂತು ಕೂತು ಹುಚ್ಚು ಹಿಡಿಯೋ ಹಾಗಾಗಿದೆ. ಊಟ ತಂದು ಮುಂದೆ ಇಡ್ತೀರ, ಬಾಯಿಗೆ ಹೋಗಲ್ಲ. ನಾನೇನು ಹುಷಾರಿಲ್ದೋಳಾ?’

ಬಸುರಿ ಅಂದ ಕೂಡಲೇ ಓಡಾಡುವ ಹೆಂಗಸನ್ನು ಎತ್ತಿ ಶೋಕೇಸಿನಲ್ಲಿ ಇಟ್ಟುಬಿಡುತ್ತೇವಲ್ಲ, ಅದೂ ಎಷ್ಟು ಪ್ರೀತಿಯಿಂದ. ಶೋಕೇಸಿನಲ್ಲಿ ಕೂತವಳಿಗೆ ಹಸಿವಾಗುವುದು ಹೇಗೆ?

ಶಾಂತಮ್ಮ ಮಾತ್ರ ಬಿಡಲಿಲ್ಲ. ‘ಒಲೆ ಬಿಸಿ, ಚಿನ್ನ.’

‘ಒಲೆ ಬಿಸೀನೇ ಇರುತ್ತೆ ಅಮ್ಮ.’

ನಾನು ಅವಳ ಪಕ್ಕದ ದಿಂಬು ಸರಿಸಿದೆ. ‘ಏಳೇ, ಬಾ’ ಎಂದೆ.

ಆಮೇಲೆ ನೋಡಬೇಕಿತ್ತು ನೀವು. ಅಡುಗೆಮನೆಗೆ ಬಂದವಳೇ ನಮ್ಮ ಹಿಟ್ಟಿನ ಪಾತ್ರೆ ನೋಡಿ ನಕ್ಕಳು. ‘ಇದು ಗಟ್ಟಿ ಆಯ್ತು ಅತ್ತೆ. ನೀರು ದೋಸೆ ಹಿಟ್ಟಿನ ಥರ ಇರ್ಬೇಕು.’ ಹಾಲು ಸುರಿದಳು. ನಾವಿಬ್ಬರೂ ಬಾಯಿ ತೆರೆದೆವು, ಮುಚ್ಚಿಕೊಂಡೆವು. ತವಾ ಕಾಯುತ್ತಿದ್ದ ಹಾಗೆ ಹಿಟ್ಟನ್ನು ಗುಳಿ ತುಂಬಿ ಹೊರಗೆ ಹರಿಯುವಷ್ಟು ಹೊಯ್ದಳು. ‘ಅಯ್ಯೋ, ಚೆಲ್ತಾ ಇದೀಯ’ ಎಂದರು ಶಾಂತಮ್ಮ. ‘ಚೆಲ್ಬೇಕು ಅಮ್ಮ. ನೋಡ್ತಿರು.’

ತಿರುಗಿಸಲು ಚೂಪು ಕಡ್ಡಿ ಬೇಕೆಂದಳು. ಟೂತ್‌ಪಿಕ್ ಚಿಕ್ಕದು, ಚಮಚ ಮೊಂಡು. ನಾನು ಒಳಗೆ ಓಡಿದೆ. ಮೊಮ್ಮಗುವಿಗೆಂದು ಹೆಣೆಯುತ್ತಿದ್ದ ಸ್ವೆಟರಿನಿಂದ ಸ್ಟೀಲ್ ಕಡ್ಡಿ ಎಳೆದೆ. ಅರ್ಧ ತೋಳು ಬಿಚ್ಚಿಹೋಯಿತು. ಹೋಗಲಿ. ಕಡ್ಡಿ ತೊಳೆದು ಕೈಗೆ ಕೊಟ್ಟೆ.

ಗುಳಿಗಳ ನಡುವೆ ಚರ್ ಎಂದು ಗೆರೆ ಎಳೆದಳು. ಹೊರಗೆ ಹರಿದಿದ್ದ ಹಿಟ್ಟನ್ನೆಲ್ಲ ಒಳಗೆ ತುರುಕಿದಳು. ನಾವು ಮಾಡಿದ ಹಾಗೆ ಪೂರ್ತಿ ಮಗುಚಲಿಲ್ಲ, ಕಾಲು ಭಾಗ ಮಾತ್ರ ತಿರುಗಿಸಿದಳು. ಹಸಿ ಹಿಟ್ಟು ಕೆಳಕ್ಕೆ ಜಾರಿ ಅಲ್ಲೊಂದು ಹೊಸ ಹೊಟ್ಟೆ ಬಂತು. ಇನ್ನೊಂದು ಕಾಲು. ಇನ್ನೊಂದು. ಮೊದಲನೆಯದು ಒಡೆಯಿತು, ಎರಡನೆಯದು ಸೊಟ್ಟಗಾಯಿತು. ಮೂರನೆಯದು ಕೇರಂ ಸ್ಟ್ರೈಕರ್ ಥರ ಗಿರ್ರನೆ ತಿರುಗಿ ನಿಂತಿತು, ಎಲ್ಲ ಕಡೆಯಿಂದಲೂ ಗುಂಡು. ಶಾಂತಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡರು. ನನಗೆ ಜೋರಾಗಿ ನಗು ಬಂತು, ಯಾಕೆಂದು ಕೇಳಿದರೆ ಹೇಳಲಾರೆ. ಪೇಪರ್ ಬಿಟ್ಟು ಯಜಮಾನರೂ ಬಾಗಿಲಲ್ಲಿ ಬಂದು ನಿಂತರು.

ಇನ್ನು ಅಸಲಿ ವಿಷಯಕ್ಕೆ ಬರುತ್ತೇನೆ. ಒಡೆದ ಆ ಮೊದಲನೆಯದು ಏನಾಯಿತು? ಒಲೆ ಮುಂದೆ ನಿಂತ ಯಾವ ಹೆಂಗಸಾದರೂ ಏನು ಮಾಡುತ್ತಾಳೆ? ಊದಿ ಬಾಯಿಗೆ ಹಾಕಿಕೊಂಡಳು. ಸೊಟ್ಟಗಾಗಿದ್ದನ್ನು ಬೆಲ್ಲ ಸಾಕೋ ಇಲ್ಲವೋ ನೋಡಲು ಹಾಕಿಕೊಂಡಳು. ಖರ್ಜೂರ ಬೆಂದಿದೆಯಾ ಅಂತ ಇನ್ನೊಂದು. ಕಾಯಿಹಾಲು ಹಾಕಿದರೆ ಹೇಗಿರುತ್ತೆ ಅಂತ ಮತ್ತೊಂದು. ತಿರುಗಿಸುತ್ತಾ, ಮಾತಾಡುತ್ತಾ, ಬೆರಳು ನೆಕ್ಕುತ್ತಾ ತಿನ್ನುತ್ತಲೇ ಇದ್ದಳು. ತಾನು ತಿನ್ನುತ್ತಿದ್ದೇನೆ ಅನ್ನುವ ಗ್ಯಾನವೂ ಅವಳಿಗೆ ಇರಲಿಲ್ಲ. ನಾನು ಬೀಗಿತ್ತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಎಷ್ಟು ತಿಂದಳು ಅಂತ ಇಬ್ಬರೂ ಎಣಿಸಲಿಲ್ಲ (ದೃಷ್ಟಿ ಆಗಬಾರದು ನೋಡಿ). ಬಾತ್‌ರೂಮಿನ ಬಾಗಿಲು ಕೂಡ ಸುಮ್ಮನಿತ್ತು.

ಅವತ್ತಿನಿಂದ ಸಂಜೆಯ ಅಡುಗೆ ಸ್ವಲ್ಪ ಅವಳದ್ದು. ಪಕ್ಕದಲ್ಲಿ ಒಂದು ಎತ್ತರದ ಸ್ಟೂಲು ಇಟ್ಟಿದ್ದೇವೆ, ಕಾಲು ನೋವು ಬಂದರೆ ಕೂರುತ್ತಾಳೆ. ನಾವು ಹೇಳಿದಾಗ ಅಲ್ಲ, ಅವಳಿಗೆ ಅನ್ನಿಸಿದಾಗ. ಬೆಲ್ಲದ ತಾಕೋಯಾಕಿ ಆಯಿತು, ಹಲಸಿನ ಹಣ್ಣಿನದಾಯಿತು, ಮೊನ್ನೆ ಹೂರಣ ತುಂಬಿಯೂ ಆಯಿತು. ನಿಧಾನಕ್ಕೆ ಒಂದು ತುತ್ತು ಅನ್ನ, ಸಪ್ಪೆ ಬೇಳೆ. ಕಳೆದ ವಾರ ಒಗ್ಗರಣೆ ಹಾಕಿದಾಗ ಮೂಗು ಮುಚ್ಚಿಕೊಂಡಳು, ಓಡಲಿಲ್ಲ. ಬ್ಯಾಡರಹಳ್ಳಿಯ ತುಪ್ಪದ ಡಬ್ಬಿ ಈಗ ವಾರಕ್ಕೊಂದು ಸಲ ಬರುತ್ತಿದೆ, ತುಪ್ಪದ ಜೊತೆ ಬೀಗಿತ್ತಿಯೂ.

ಮೊನ್ನೆ ಚೆಕಪ್ಪಿಗೆ ನಾವು ಮೂವರೂ ಹೋಗಿದ್ದೆವು. ಡಾಕ್ಟರಮ್ಮ ತೂಕ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ ನಗುತ್ತಾ, ‘ಪರವಾಗಿಲ್ವೇ, ಚೆನ್ನಾಗಿ ಏರಿದೆ. ಅಂಥದ್ದೇನು ಕೊಟ್ರಿ ಇವರಿಗೆ?’ ಎಂದು ಕೇಳಿದರು.

ನಾನು ರೆಸಿಪಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಾಂತಮ್ಮ ಹೇಳಿಬಿಟ್ಟರು.

‘ಏನೂ ಕೊಡ್ಲಿಲ್ಲ ಡಾಕ್ಟ್ರೇ, ಒಲೆ ಮುಂದಿಂದ ನಾವಿಬ್ರೂ ಪಕ್ಕಕ್ಕೆ ಸರಿದ್ವಿ ಅಷ್ಟೇ.’