ಹೊರಗಾಗದ ತಿಂಗಳುಗಳು

ನಮ್ಮ ಮನೆಯಲ್ಲಿ ರೇಷ್ಮೆಹುಳುಗಳಿಗಿರುವ ಮಡಿ ದೇವರಿಗೂ ಇಲ್ಲ. ದೇವರ ಕೋಣೆಗೆ ಚಪ್ಪಲಿ ಬಿಟ್ಟು ಹೋದರೆ ಸಾಕು. ಹುಳುಮನೆಗೆ ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಹೋಗಬೇಕು. ಎಣ್ಣೆ ಹಚ್ಚಿದವಳು, ಪೌಡರ್ ಬಳಿದವಳು ಒಳಗೆ ಕಾಲಿಡುವಂತಿಲ್ಲ. ಹೊರಗಾದವಳ ಮಾತಂತೂ ಕೇಳುವುದೇ ಬೇಡ. ಮುಟ್ಟಾದವಳ ನೆರಳು ಬಿದ್ದರೆ ಹುಳುಗಳಿಗೆ ರೋಗ ಬಂದು ಬೆಳೆಯೇ ಹೋಗುತ್ತದೆ ಎಂದು ನಮ್ಮತ್ತೆಯ ನಂಬಿಕೆ. ಸುಗಟೂರಿನ ಕಡೆ ಈ ನಂಬಿಕೆ ಇಲ್ಲದ ಹುಳುಮನೆಯನ್ನು ನಾನಂತೂ ನೋಡಿಲ್ಲ.

ಟೇಕಲ್ ಕಡೆಯಿಂದ ಈ ಮನೆಗೆ ಮದುವೆಯಾಗಿ ಬಂದವಳು ನಾನು. ಬೇರೆ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗಿದ್ದರೆ, ನಾನು ಹೊರಗಾದರೆ ಮತ್ತೆ ಯಾವಾಗ ಒಳಗೆ ಬರುತ್ತೇನೆಂದು ನನಗೇ ಗೊತ್ತಿರುತ್ತಿರಲಿಲ್ಲ. ಒಂದು ತಿಂಗಳು ಸುಳಿವೇ ಇಲ್ಲ, ಮರು ತಿಂಗಳು ನಿಲ್ಲುವುದೇ ಇಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಬಿಡಬೇಕೆಂದು ಮನೆಯವರೆಲ್ಲ ಒದ್ದಾಡುವಾಗ ನಾನು ಕೊಟ್ಟಿಗೆ ಪಕ್ಕ ಸೊಂಟ ಹಿಡಿದುಕೊಂಡು ನರಳುತ್ತಿದ್ದೆ. ಮಗುವಂತೂ ನಿಲ್ಲಲೇ ಇಲ್ಲ. ನನಗೆ ಬೇಕಿದ್ದದ್ದು ಅದೊಂದೇ. ಗೂಡಿಗೆ ಒಳ್ಳೆ ರೇಟು ಬಂದರೆಷ್ಟು ಬಿಟ್ಟರೆಷ್ಟು, ನನ್ನ ಮಡಿಲಿಗೆ ಒಂದು ಕೂಸು ಬೇಕಿತ್ತು.

ಮೊದಲು ತೋರಿಸಿದ ನರ್ಸಿಂಗ್ ಹೋಮಿನ ಡಾಕ್ಟರು ಸ್ಕ್ಯಾನ್ ಮಾಡಿ, ನನ್ನ ಮುಖವನ್ನೂ ನೋಡದೆ, ಗಂಡನ ಕಡೆ ತಿರುಗಿ, "ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತೆ" ಅಂದರು. ಹುಳುಕು ಹಲ್ಲು ಕೀಳಿಸಿ ಅಂದ ಹಾಗೆ! ಮೂವತ್ತೂ ದಾಟಿರಲಿಲ್ಲ ನನಗೆ. "ನಿಮ್ಮನೆ ಹೆಣ್ಮಕ್ಕಳಿಗೂ ಹಿಂಗೇ ಹೇಳ್ತೀರಾ ಸಾರ್?" ಎಂದು ಕೇಳಿ ಎದ್ದು ಬಂದೆ. ಗಂಡ ದಾರಿಯುದ್ದಕ್ಕೂ, "ಬಾಯಿ ಸುಮ್ನಿರಲ್ವಲ್ಲ ನಿಂಗೆ" ಎಂದು ಗೊಣಗಿದ. ಅವನಿಗೂ ಒಳಗೊಳಗೆ ಸಮಾಧಾನವೇ ಆಗಿತ್ತು. ಅಲ್ಲಿಂದಾಚೆಗೆ ಆಸ್ಪತ್ರೆ ಎಂದರೆ ಕತ್ತರಿ ಎಂದು ನಮ್ಮಿಬ್ಬರ ತಲೆಯಲ್ಲಿ ಕೂತುಬಿಟ್ಟಿತು.

ಕೋಲಾರದಲ್ಲಿ ಅಕ್ಯುಪಂಕ್ಚರ್ ಮಾಡುವ ಮೇಡಂ ಒಬ್ಬರಿದ್ದಾರೆ, ಸೂಜಿ ಚುಚ್ಚಿ ಹೆಂಗಸರ ತೊಂದರೆ ವಾಸಿ ಮಾಡುತ್ತಾರೆ ಎಂದು ನಮ್ಮೂರ ಅಂಗನವಾಡಿ ಟೀಚರು ಹೇಳಿದ್ದು ಆಗಲೇ. ಹೋದೆ. ಆ ಮೇಡಂ ಮುಳಬಾಗಿಲ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. "ಏಮ್ಮಾ, ಕೂತ್ಕೋ, ಅವಸರ ಏನೂ ಇಲ್ಲ" ಎಂದು ಕೈ ಹಿಡಿದು ನಾಡಿ ನೋಡಿದರು. ರಕ್ತದ ಬಣ್ಣ ಹೇಗಿರುತ್ತೆ, ನಿದ್ದೆ ಬರುತ್ತಾ, ಕಾಲು ತಣ್ಣಗಿರುತ್ತಾ ಎಂದೆಲ್ಲ ಕೇಳಿದರು. "ಕೋಪ ಬರುತ್ತಾ?" ಎಂದೂ ಕೇಳಿದರು. "ನನಗೆ ಟೈಮಿಗೆ ಸರಿಯಾಗಿ ಬರೋದು ಅದೊಂದೇ ಮೇಡಂ" ಅಂದೆ. ಇಬ್ಬರೂ ನಕ್ಕೆವು. ಅಷ್ಟು ವರ್ಷಗಳಲ್ಲಿ ನನ್ನ ಮೈಯ ವಿಷಯವನ್ನು ನನ್ನನ್ನೇ ಕೇಳಿದವರು ಅವರೊಬ್ಬರೇ. ನಗುತ್ತಿದ್ದವಳಿಗೆ ಅಳು ಬಂತು.

ಕೂದಲಿನಷ್ಟು ಸಣ್ಣ ಸೂಜಿಗಳು. ಪಾದದ ಹತ್ತಿರ, ಮೊಣಕಾಲ ಕೆಳಗೆ, ಹೊಕ್ಕುಳ ಕೆಳಗೆ ಚುಚ್ಚಿದರೆ ಸೊಳ್ಳೆ ಕಡಿದಷ್ಟೂ ನೋವಿಲ್ಲ. ಆಮೇಲೆ ಒಣಸೊಪ್ಪಿನ ಬತ್ತಿ ಹೊತ್ತಿಸಿ ಹೊಟ್ಟೆಗೆ ಕಾವು ಕೊಡುತ್ತಿದ್ದರು. ಮನೆಯಲ್ಲಿ ಹೊಟ್ಟೆಯ ಮೇಲೆ ಹರಳೆಣ್ಣೆ ಬಟ್ಟೆ, ತಿನ್ನಲು ಎಳ್ಳುಂಡೆ, ಬೆಳಗ್ಗೆ ಉಸಿರಾಟದ ಅಭ್ಯಾಸ. ಹರಳೆಣ್ಣೆ ವಾಸನೆ ಹುಳುಗಳಿಗೆ ಆಗದೆಂದು ಅತ್ತೆ ಬೈಯುತ್ತಿದ್ದರು. ಬೈಯುತ್ತಲೇ ನನ್ನ ಸ್ನಾನಕ್ಕೆ ನೀರು ಕಾಯಿಸಿ ಕೊಡುತ್ತಿದ್ದರು. ವಾರವಾರ ಬಸ್ಸು ಹತ್ತಿ ಹೋದೆ. ಸೊಂಟನೋವು ನಿಜಕ್ಕೂ ಇಳಿಯಿತು, ನಿದ್ದೆ ಹತ್ತಿತು. ಸುಳ್ಳು ಯಾಕೆ ಹೇಳಲಿ, ಆ ಮಂಚದ ಮೇಲೆ ಮಲಗಿದಾಗ ಸಿಕ್ಕ ನೆಮ್ಮದಿ ನನಗೆ ತವರಲ್ಲೂ ಸಿಕ್ಕಿರಲಿಲ್ಲ.

ಮುಟ್ಟು ಕಡಿಮೆಯಾಗುತ್ತಾ ಬಂತು. ಆಮೇಲೆ ಪೂರ್ತಿ ನಿಂತಿತು.

ಅಯ್ಯೋ, ಆ ಸಂಭ್ರಮ! ಗಂಡ ನನ್ನ ತಲೆಯ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಿತ್ತುಕೊಂಡ. ಮೆಡಿಕಲ್ ಶಾಪಿಗೆ ಓಡಿ ಪ್ರೆಗ್ನೆನ್ಸಿ ಕಿಟ್ ತಂದ. ಒಂದೇ ಗೆರೆ. ಮರು ತಿಂಗಳೂ ಒಂದೇ ಗೆರೆ. ಮೇಡಂ ನಾಡಿ ಹಿಡಿದು, "ದೇಹ ರೆಸ್ಟ್ ತಗೋತಾ ಇದೆಯಮ್ಮಾ, ಇಷ್ಟು ವರ್ಷ ಸುರಿದು ಸುಸ್ತಾಗಿದೆ ಕದಾ" ಅಂದರು. ಅತ್ತೆ ಅದಕ್ಕೂ ಮುಂದೆ ಹೋದರು. ರೇಷ್ಮೆಹುಳು ಬೆಳೆಯುವಾಗ ನಡುನಡುವೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ತಾನಾಗಿ ಹಳೇ ಚರ್ಮ ಬಿಟ್ಟು ಎದ್ದಾಗ ಮೊದಲಿಗಿಂತ ದೊಡ್ಡದಾಗಿರುತ್ತದೆ.

"ನಿನ್ನ ಗರ್ಭ ಜ್ವರಕ್ಕೆ ಕೂತೈತೆ ಕಣೇ. ಈಗ ಕೆದಕ್ಬಾರ್ದು. ಏಳೋವಾಗ ನೋಡು, ಕೂಸನ್ನ ಕಟ್ಕೊಂಡೇ ಏಳ್ತದೆ" ಅಂದರು ಅತ್ತೆ.

ನಗಬೇಡಿ. ನಾವೆಲ್ಲ ನಂಬಿದೆವು. ಹುಳುಗಳ ವಿಷಯದಲ್ಲಿ ಅತ್ತೆಯ ಮಾತು ಎಂದೂ ಸುಳ್ಳಾಗಿರಲಿಲ್ಲ. ಶ್ರೀನಿವಾಸಪುರದಲ್ಲಿರುವ ನನ್ನಕ್ಕ ಫೋನಿನಲ್ಲಿ, "ಒಂದ್ಸಲ ದೊಡ್ಡಾಸ್ಪತ್ರೆಗೆ ತೋರ್ಸೇ" ಎಂದಾಗ, "ಜ್ವರಕ್ಕೆ ಕೂತಿದ್ದನ್ನ ಕೆದಕ್ಬಾರ್ದು" ಎಂದು ಅದೇ ಪಾಠ ಒಪ್ಪಿಸಿದೆ. ಅವಳು ಅರ್ಥವಾಗದೆ ಫೋನಿಟ್ಟಳು.

ಹುಳುಮನೆಯ ಬಾಗಿಲು ಈಗ ನನಗೆ ದಿನವೂ ತೆರೆದಿತ್ತು. ಬೆಳೆಯ ಮೇಲೆ ಬೆಳೆ ತೆಗೆದೆವು. ಸೊಪ್ಪು ಹಾಕುತ್ತಾ ಹೊಟ್ಟೆಯ ಮೇಲೆ ಕೈಯಿಟ್ಟು, ಏಳೋ ನನ್ನಪ್ಪಾ, ಎದ್ದೇಳೋ ಎಂದು ಬೇಡಿಕೊಳ್ಳುತ್ತಿದ್ದೆ. ಚಳಿಗಾಲ ಬಂತು, ಹುಳುಗಳಿಗೆ ಬೆಚ್ಚಗಿರಲೆಂದು ಕೆಂಡ ಇಟ್ಟೆವು. ಒಳಗೆ ನಿಂತರೆ ನನ್ನ ಎದೆ, ಕತ್ತು ಧಗ್ಗೆಂದು ಉರಿದು ಬೆವರು ಸುರಿಯುತ್ತಿತ್ತು. ಕೆಂಡದ ಕಾವು ಎಂದುಕೊಂಡೆ. ಬೆಳಗಿನ ಮಂಜಿನಲ್ಲಿ ತೋಟದಲ್ಲಿ ಸೊಪ್ಪು ಕೊಯ್ಯುವಾಗಲೂ ಹಾಗೇ ಬೆವರಿದಾಗ ಇದು ಕೆಂಡದ ಕಾವಲ್ಲ ಎಂದು ಗೊತ್ತಾಯಿತು. ಯಾರಿಗೂ ಹೇಳದೆ ಕೋಲಾರದ ಬಸ್ಸು ಹತ್ತಿ, ಸೂಜಿಯ ಮೇಡಂ ಹತ್ತಿರ ಹೋಗದೆ, ಆಸ್ಪತ್ರೆಗೆ ಹೋದೆ.

ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ರಕ್ತ ಪರೀಕ್ಷೆ ಮಾಡಿಸಿ, ನಂಬದೆ ಇನ್ನೊಮ್ಮೆ ಮಾಡಿಸಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಅಂಡಾಶಯ ಕೆಲಸ ನಿಲ್ಲಿಸಿಬಿಟ್ಟಿದೆಯಮ್ಮ. ನಿಮ್ಮ ತಾಯಿ ವಯಸ್ಸಿಗೆ ಆಗ್ಬೇಕಾದ್ದು ನಿಮಗೆ ಈಗ್ಲೇ ಆಗಿದೆ." ಸೂಜಿಯಿಂದ ಹೀಗಾಯಿತಾ ಎಂದೆ. "ಇಲ್ಲ. ಸೂಜಿಯಿಂದ ಕೆಟ್ಟಿದ್ದೂ ಅಲ್ಲ, ವಾಸಿಯಾಗಿದ್ದೂ ಅಲ್ಲ. ಇದು ತುಂಬಾ ಮೊದ್ಲಿಂದ ನಡೀತಾ ಇತ್ತು." ಮೊದಲೇ ಬಂದಿದ್ದರೆ? "ಏನಾದ್ರೂ ಪ್ರಯತ್ನ ಮಾಡ್ಬಹುದಿತ್ತೇನೋ. ಖಂಡಿತ ಅಂತ ಹೇಳಲಾರೆ" ಎಂದರು. ಆ ಮಾತು ನನ್ನನ್ನು ಇವತ್ತಿಗೂ ತಿನ್ನುತ್ತಿದೆ. ಆಗುತ್ತಲೇ ಇರಲಿಲ್ಲ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ.

ಮನೆಗೆ ಬಂದು ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಸೊಪ್ಪು ಕತ್ತರಿಸುತ್ತಿದ್ದ ಗಂಡ ಕತ್ತಿ ಕೆಳಗಿಟ್ಟು ತಲೆ ತಗ್ಗಿಸಿದ. "ಅದು ಜ್ವರಕ್ಕೆ ಕೂತಿಲ್ಲ ಅತ್ತೆ, ಸತ್ತೋಗಿದೆ" ಅಂದೆ. ಎಂಥ ಮಾತಾಡಿದೆ! ಆದರೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಅತ್ತೆ ಹತ್ತಿರ ಬಂದು ನನ್ನ ತಲೆಯನ್ನು ಎದೆಗೊತ್ತಿಕೊಂಡರು, ತಾವೂ ಅತ್ತರು. ಮೊಮ್ಮಗುವಿನ ಆಸೆ ಅವರಿಗೆ ನನಗಿಂತ ಕಡಿಮೆಯೇನೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸೆರಗಿನಿಂದ ನನ್ನ ಕಣ್ಣೊರೆಸುತ್ತಾ, ಸಮಾಧಾನಕ್ಕೆ ಬೇರೇನೂ ತೋಚದೆ ಹೇಳಿದರು:

"ಅಳ್ಬೇಡ ಸುಮ್ನಿರೇ. ಇನ್ಮೇಲೆ ನೀನು ಹುಳದ ಮನೆಗೆ ಯಾವತ್ತು ಬೇಕಾದ್ರೂ ಬರ್ಬೋದು."