ಚಂದಾ ನಿಲ್ಲಿಸಿದವನ ನಿಧನವಾರ್ತೆ

ಅಮೆರಿಕದ ಎಡಿಸನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಗರಾಜಿನಲ್ಲಿ ಕೂತು ತಮ್ಮ ಕ್ರೊಯೇಷಿಯನ್ ಜನರಿಗಾಗಿ ವಾರಪತ್ರಿಕೆ ಹೊರಡಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ನಮ್ಮ ಪೇಪರ್ ಬಿಡೋರು ಸತ್ತೋರು ಮಾತ್ರ" ಅನ್ನುತ್ತಿದ್ದರು. ಹಾಗಾಗಿ ಹಳೆಯ ಗೆಳೆಯನೊಬ್ಬ ಚಂದಾ ನಿಲ್ಲಿಸಿದಾಗ, ಫೋಟೊ ಸಮೇತ ಅವನ ನಿಧನವಾರ್ತೆ ಹಾಕಿಬಿಟ್ಟರು.

ಸತ್ತವನು ಶನಿವಾರ ಬಂದ. ಭಾನುವಾರವೂ ಇರಬಹುದು, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನಾನು ಸಾಕ್ಷಿಯಾಗಿರಲೆಂದು ಇಬ್ಬರೂ ಇಂಗ್ಲಿಷಿನಲ್ಲೇ ಜಗಳವಾಡಿದರು.

"ನನ್ನ ಹೆಂಡತಿಗೆ ಸಂತಾಪದ ಹೂಗುಚ್ಛಗಳು ಬರ್ತಾ ಇವೆ ಕಣೋ! ತಿದ್ದುಪಡಿ ಹಾಕು."

"ಹಾಕ್ತೀನಿ. ಅದನ್ನ ಓದೋಕೆ ಚಂದಾ ಕಟ್ಟು."

ಅವನು ತನ್ನ ನಿಧನವಾರ್ತೆಯನ್ನು ಇನ್ನೊಮ್ಮೆ ಓದಿದ. "ನಾನು ಅಷ್ಟು ಚೆನ್ನಾಗಿ ಹಾಡ್ತೀನಿ ಅಂತ ನಿಂಗೆ ನಿಜವಾಗ್ಲೂ ಅನ್ಸಿತ್ತಾ?"

"ಸತ್ತಿದ್ದೆಯಲ್ಲ, ಬರೆದೆ."

ಅವನು ಚೆಕ್‌ಬುಕ್ ತೆಗೆದ. "ಹಾಡಿನ ಸಾಲನ್ನ ಮಾತ್ರ ತಿದ್ದಬೇಡ."