ಬೀದಿಗೆ ಮರಳಿದ ಬ್ರೆಡ್ಡಿನವರ ದನಿ

ನಮ್ಮವರ ಗಂಟಲೇ ಒಂದು ಕಾಲಕ್ಕೆ ನಾಲ್ಕು ಬೀದಿಯ ಗಡಿಯಾರ. ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು "ಬ್ರೆಡ್ಡೇ, ಬಿಸಿ ಬ್ರೆಡ್ಡೇ" ಎಂದು ರಾಗ ಎಳೆದರೆ, ಮಲಗಿದ್ದವರೂ ಕಣ್ಣುಜ್ಜುತ್ತ ಬಾಗಿಲಿಗೆ ಬರುತ್ತಿದ್ದರು. ಗಂಟಲಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಪಿಸುಮಾತೇ ಗತಿ.

ಪುಣ್ಯಕ್ಕೆ, ಆಸ್ಪತ್ರೆಗೆ ಹೋಗುವ ಮುನ್ನಾದಿನ ಅಡುಗೆಮನೆಯಲ್ಲಿ ಅವರನ್ನು ನಿಲ್ಲಿಸಿ, ಆ ಕೂಗನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಬೈಕಿಗೆ ಆಂಪ್ಲಿಫೈಯರ್, ಸ್ಪೀಕರ್ ಹಾಕಿ ಅದನ್ನೇ ಬಿಟ್ಟರಾಯಿತು ಎಂದ ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ತಮ್ಮ. ಬಾಯಿ ತೆರೆದರೆ "ನಂಗ್ ಬಿಡಕ್ಕ" ಅನ್ನುವ ಜಾತಿ ಅವನದು. ಹಾಕಿಯೂ ಕೊಟ್ಟ.

ಮೊದಲ ದಿನ ನಮ್ಮವರು ಒಯ್ದಷ್ಟೂ ಬ್ರೆಡ್ಡು ವಾಪಸ್ಸು ತಂದರು. ಸ್ಪೀಕರಿನಿಂದ ಬರೀ ಗೊರಗೊರ, ಕುಂಯ್ ಕುಂಯ್. ಗುಜರಿಯವನು ಬಂದನೆಂದು ಯಾರೋ ತೂತು ಬಿದ್ದ ಬಕೆಟ್ ಹಿಡಿದುಕೊಂಡು ಬಂದರಂತೆ.

"ನಾನೇ ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ ಕಣೇ," ಎಂದು ಪಿಸುಗುಟ್ಟಿ ಗೋಡೆಗೆ ಮುಖ ಮಾಡಿ ಕೂತರು. ನಾನು ಹೊಲಿಯುತ್ತಿದ್ದ ರವಿಕೆ ಬಿಸಾಕಿ ತಮ್ಮನಿಗೆ ಫೋನ್ ಮಾಡಿದೆ.

ಮಹಾಶಯ ಬಂದವನೇ ದನಿ ಏರಿಸುವ ಗೇನ್ ಎಂಬ ತಿರುಪನ್ನು ಇನ್ನಷ್ಟು ತಿರುಗಿಸಿದ. ದನಿ ಚಿಂದಿಯಾಯಿತು.

"ತಿರುಗ್ಸು, ಇನ್ನೂ ತಿರುಗ್ಸು. ಸ್ಮಶಾನದಲ್ಲಿರೋರೂ ಎದ್ ಬರ್ಲಿ," ಎಂದು ಹೋಗಿ ಎಂಜಿನ್ ಆಫ್ ಮಾಡಿದೆ. ಕುಂಯ್ ಸದ್ದು ಮಾಯ. ಮತ್ತೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುವಿದೆ. ಸದ್ದೂ ಅದರ ಜೊತೆಗೇ ಏರಿತು.

ತಮ್ಮ ತಲೆ ಕೆರೆದುಕೊಂಡ. "ಹೆಡ್‌ಲೈಟ್ ವೈರಿಂದ ಕರೆಂಟ್ ತಗೊಂಡಿದ್ದೆ. ಅರ್ತ್ ವೈರೂ ಪೇಂಟ್ ಮೇಲೇ ಬಿಗಿದಿದ್ದೀನಿ. ಅದಕ್ಕೇ ಎಂಜಿನ್ ಸದ್ದು ಸ್ಪೀಕರಿಗೆ ಬರ್ತಿದೆ."

"ಅಳಿಯ ಅಲ್ಲ, ಮಗಳ ಗಂಡ ಅಂದಂಗಾಯ್ತು. ತಪ್ಪು ನಿಂದೇ ಅಂತ ನೆಟ್ಟಗೆ ಹೇಳು."

ಪಾಪ, ಕೆಲಸಗಾರನೇನೋ ಹೌದು. ಎರಡೂ ವೈರನ್ನು ನೇರ ಬ್ಯಾಟರಿಗೇ ಎಳೆದ, ನಡುವೆ ಫ್ಯೂಸ್ ಕೂರಿಸಿದ. ಆಮೇಲೆ ಗೇನನ್ನು ಅರ್ಧಕ್ಕೂ ಕೆಳಗಿಳಿಸಿದ.

"ಕಮ್ಮಿ ಮಾಡಿದ್ರೆ ಕೇಳ್ಸುತ್ತೇನೋ?"

"ಕೇಳಿ ನೋಡಕ್ಕ."

"ಬ್ರೆಡ್ಡೇ..." ಅಯ್ಯೋ, ಅದೇ ದನಿ, ಅದೇ ರಾಗ. ನಮ್ಮವರ ಕೈ ತಾನಾಗಿ ಗಂಟಲಿಗೆ ಹೋಯಿತು. ಪೂರ್ತಿ ಕೇಳುವ ತಾಳ್ಮೆ ಯಾರಿಗಿತ್ತು? ಬೇಕರಿಗೆ ಓಡಿ ಪೆಟ್ಟಿಗೆ ತುಂಬಿಸಿ, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ನಾನು ಹಿಂದೆ ಹತ್ತಿ ಕೂತೆ.

ಮೊದಲ ತಿರುವಿನಲ್ಲೇ ನಮ್ಮವರು ಸ್ಪೀಕರಿನ ಗುಂಡಿ ಒತ್ತಿದರು. ಕೂಗು ಬೀದಿಯ ಈ ತುದಿಯಿಂದ ಆ ತುದಿಗೆ ಹರಿಯಿತು. ಅದರ ಬೆನ್ನಿಗೇ, ಇಲ್ಲಿಯವರೆಗೆ ಗೊರಗೊರದಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ದನಿ ಸ್ಫಟಿಕದಂತೆ ಕೇಳಿತು: "ಸಾಕು ಬಿಡ್ರೀ, ಹಾಲು ಉಕ್ತಾ ಇದೆ, ಒಲೆ ಆರ್ಸಿ."

ನನ್ನದೇ, ಅವತ್ತು ಅಡುಗೆಮನೆಯಲ್ಲಿ ಅಂದದ್ದು. ಇಡೀ ಬೀದಿ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮಹಡಿಯ ಕಿಟಕಿ ತೆರೆಯಿತು. ಅಲ್ಲಿನ ಅಜ್ಜಿ ಖಾಯಂ ಗಿರಾಕಿ. "ಬಂದ್ಯೇನಪ್ಪಾ? ಎಷ್ಟು ದಿನ ಆಯ್ತೋ ನಿನ್ ದನಿ ಕೇಳಿ. ಎರಡು ಕೊಡು. ಹೆಂಡ್ತಿ ಬೈದ್ರೂ ಕೂಗೋದು ಮಾತ್ರ ನಿಲ್ಲಿಸ್ಬೇಡ."

ನಮ್ಮವರ ಕಣ್ಣು ತುಂಬಿ ಬಂತು.

"ಮನೆಗೆ ಹೋಗಿ ನನ್ ಮಾತನ್ನ ಕತ್ತರಿಸಿ ಹಾಕ್ತೀನಿ," ಎಂದೆ.

"ಇರ್ಲಿ ಬಿಡೇ," ಪಿಸುಗುಟ್ಟಿದರು. "ನೀನು ಬೈದ್ರೇನೇ ಜನಕ್ಕೆ ನಾನು ಅಂತ ಗೊತ್ತಾಗೋದು."

ಮತ್ತೆ ಗುಂಡಿ ಒತ್ತಿದರು.